ಗೃಹ, ಸಂಗ್ರಹ, ಅನುಗ್ರಹ

(ಶ್ರಾವಣ ಮಾಸದ ಪ್ರವಚನಮಾಲೆಯ ಅಂಗವಾಗಿ ಯಲಹಂಕ ಉಪನಗರದ ಭಕ್ತರ ಸಭೆಯಲ್ಲಿ ದಯಪಾಲಿಸಿದ ಆಶೀರ್ವಚನ)



ಶ್ರವಣ ನಕ್ಷತ್ರದಿಂದ ಶ್ರಾವಣ ಮಾಸಕ್ಕೆ ಹೆಸರು ಬಂದಿತು. ಶ್ರವಣವೆಂದರೆ ಕೇಳುವುದು ಎಂಬ ಅರ್ಥವೂ ಉಂಟು. ಬಿತ್ತನೆ ಮುಗಿದು ರೈತನಿಗೆ ಕೊಂಚ ಬಿಡುವು ದೊರೆಯುವ ಈ ಕಾಲದಲ್ಲಿ ನಾಲ್ಕು ಒಳ್ಳೆಯ ಮಾತು ಕಿವಿಗೆ ಬೀಳಲಿ ಎಂದು ನಮ್ಮ ಹಿಂದಿನವರು ಪುರಾಣ ಪ್ರವಚನಗಳನ್ನು ಈ ತಿಂಗಳಲ್ಲಿ ಇಟ್ಟರು. ನಿಮ್ಮಲ್ಲಿ ಬಹುಮಂದಿ ಈಗ ಹೊಲ ಉಳುವವರಲ್ಲ. ಆದರೂ ಹೆಬ್ಬಾಳದಿಂದ, ಆರ್.ಟಿ. ನಗರದಿಂದ, ಯಶವಂತಪುರದಿಂದ ಸಂಜೆಯ ವಾಹನಗಳ ಸಂದಣಿಯನ್ನು ದಾಟಿಕೊಂಡು ಇಲ್ಲಿಗೆ ಬಂದಿದ್ದೀರಿ. ಅದೂ ಒಂದು ತಪಸ್ಸೇ.

ಇಂದು ನಾವು ಷಟ್‌ಸ್ಥಲದ ವಿಷಯವನ್ನು ಎತ್ತಿಕೊಂಡಿಲ್ಲ. ನಿಮ್ಮ ಮನೆಯ ಅಟ್ಟದ ವಿಷಯವನ್ನು ಎತ್ತಿಕೊಂಡಿದ್ದೇವೆ. ನಗಬೇಡಿರಿ. ಅಟ್ಟದ ಮೇಲೆ ಏನಿದೆ ಎಂಬುದಕ್ಕೂ ಅಂತರಂಗದಲ್ಲಿ ಏನಿದೆ ಎಂಬುದಕ್ಕೂ ಬಹಳ ಹತ್ತಿರದ ನಂಟುಂಟು. ಈ ವಿಷಯವನ್ನು ಹೇಳಬೇಕೆಂದು ನಮಗೆ ತೋರಿದ್ದು ಒಬ್ಬ ಅಜ್ಜಿಯಿಂದ.

ಕಳೆದ ವರ್ಷದ ಶ್ರಾವಣದಲ್ಲಿ ಬೆಂಗಳೂರಿನ ಈ ಉತ್ತರ ಭಾಗದಲ್ಲೇ ಒಬ್ಬ ಭಕ್ತರ ಮನೆಗೆ ಬಿನ್ನಹಕ್ಕೆ ಹೋಗಿದ್ದೆವು. ಒಳ್ಳೆಯ ಮನೆತನ. ಮೇಲೆ ಕೆಳಗೆ ಸೇರಿ ನಾಲ್ಕು ಕೋಣೆಗಳ ಮನೆ. ಪಾದಪೂಜೆ ಮುಗಿಯಿತು. ಮನೆಯ ಹಿರಿಯ ತಾಯಿ ಕಾಣಲಿಲ್ಲವೆಂದು ಕೇಳಿದೆವು. ಸ್ವಲ್ಪ ಹೊತ್ತಿಗೆ ಅಜ್ಜಿ ಬಂದರು. ಹಣೆಯಲ್ಲಿ ಆಗತಾನೇ ಧರಿಸಿದ ವಿಭೂತಿ. "ಪೂಜೆ ಆಯಿತೇ ತಾಯಿ? ಎಲ್ಲಿ ಕುಳಿತು ಮಾಡಿಕೊಳ್ಳುತ್ತೀರಿ?" ಎಂದೆವು. ಆ ತಾಯಿ, "ಮೆಟ್ಟಿಲ ಮೇಲೆ ಕೂತ್ಕೋತೀನಿ ಬುದ್ಧಿ. ಅಲ್ಲಿ ಗಾಳಿ ಚೆನ್ನಾಗಿ ಬರ್ತದೆ" ಎಂದರು. ಮಗನ ಮರ್ಯಾದೆಯನ್ನು ಕಾಪಾಡಲು ತಾಯಿ ಆಡಿದ ಮಾತು ಅದು. ಗಾಳಿಯ ಸುಖಕ್ಕಾಗಿ ಅಲ್ಲಿ ಕೂಡುತ್ತಿದ್ದವರಲ್ಲ ಅವರು.

ನಾವು ಎದ್ದು ನೋಡಿದೆವು. ಅಜ್ಜಿಗೆಂದು ಕಟ್ಟಿಸಿದ ಕೋಣೆ ಇತ್ತು. ಅದರ ತುಂಬ ಸಾಮಾನು. ಹೋಗದ ಟಿ.ವಿ. ಎರಡು, ಮೋಟಾರು ಸುಟ್ಟ ಮಿಕ್ಸಿ ಮೂರು, ದಾರ ಕಟ್ಟಿದ ರಟ್ಟಿನ ಪೆಟ್ಟಿಗೆಗಳು, ಮಕ್ಕಳು ಆಡಿ ಬಿಟ್ಟ ಸೈಕಲ್ಲು, ಗೃಹಪ್ರವೇಶದಲ್ಲಿ ಬಂದ ಗೋಡೆ ಗಡಿಯಾರಗಳು, ಕವರಿನೊಳಗೆ ತುರುಕಿದ ಕವರುಗಳು. ದೇವರ ಕೋಣೆಯಲ್ಲೂ ಅಷ್ಟೆ. "ಏನಪ್ಪಾ ಇದು?" ಎಂದರೆ ಯಜಮಾನರು ತಲೆ ತುರಿಸಿಕೊಂಡು, "ಯಾವಾಗಲಾದರೂ ಬೇಕಾಗಬಹುದು ಅಂತ ಇಟ್ಟಿದ್ದೀವಿ ಬುದ್ಧಿ" ಎಂದರು.

ಬೇಕಾಗಬಹುದಾದ ವಸ್ತುವಿಗೆ ಕೋಣೆ, ಬೇಕೇ ಬೇಕಾದ ತಾಯಿಗೆ ಮೆಟ್ಟಿಲು! ಅವರು ತಾಯಿಯನ್ನು ಕಡೆಗಣಿಸುವ ಜನರಲ್ಲ. ಹೊತ್ತು ಹೊತ್ತಿಗೆ ಊಟ, ಔಷಧಿ ಎಲ್ಲವನ್ನೂ ನೋಡುವವರು. ಆದರೆ ಒಂದೊಂದೇ ವಸ್ತು ಒಳಗೆ ಬಂದು ಕುಳಿತುಕೊಂಡಂತೆ ಆ ತಾಯಿ ಒಂದೊಂದೇ ಹೆಜ್ಜೆ ಹೊರಗೆ ಸರಿದಿದ್ದರು. ಯಾರ ಗಮನಕ್ಕೂ ಬಂದಿರಲಿಲ್ಲ. ವಸ್ತುಗಳು ಹಾಗೆಯೇ. ಅವು ಜಗಳವಾಡಿ ಮನೆಯನ್ನು ಕಿತ್ತುಕೊಳ್ಳುವುದಿಲ್ಲ. ಸುಮ್ಮನೆ ಕುಳಿತು ಕಿತ್ತುಕೊಳ್ಳುತ್ತವೆ.

ಪಾಠಶಾಲೆಯಲ್ಲಿ ನಮಗೆ ವ್ಯಾಕರಣ ಹೇಳಿದ ಗುರುಗಳು ಒಂದು ಧಾತುವನ್ನು ಹಿಡಿದರೆ ದಿನವಿಡೀ ಬಿಡುತ್ತಿರಲಿಲ್ಲ. 'ಗ್ರಹ್' ಎಂಬುದು ಅಂಥ ಒಂದು ಧಾತು. ಹಿಡಿಯುವುದು, ತೆಗೆದುಕೊಳ್ಳುವುದು ಎಂದು ಅದರ ಅರ್ಥ. 'ಗೃಹ' ಎಂಬ ಶಬ್ದ ಅದರಿಂದಲೇ ಹುಟ್ಟಿತು. ಧಾನ್ಯ ಮೊದಲಾದವನ್ನು ತನ್ನೊಳಗೆ ತೆಗೆದುಕೊಳ್ಳುವುದರಿಂದ ಅದು ಗೃಹ. ಒಟ್ಟುಗೂಡಿಸುವುದು 'ಸಂಗ್ರಹ'. ಸುತ್ತಲೂ ನನ್ನದೆಂದು ಬಾಚಿಕೊಳ್ಳುವುದು 'ಪರಿಗ್ರಹ'. ಸೂರ್ಯಚಂದ್ರರನ್ನು ಹಿಡಿಯುವುದು 'ಗ್ರಹಣ'. ಇವೆಲ್ಲದರ ಜೊತೆಗೆ ಅದೇ ಧಾತುವಿನಿಂದ ಇನ್ನೊಂದು ಶಬ್ದವೂ ಹುಟ್ಟಿತು. ಅದು 'ಅನುಗ್ರಹ'. ಗುರು ಶಿಷ್ಯನ ಕೈ ಹಿಡಿಯುವುದೂ ಹಿಡಿಯುವುದೇ. ಹಿಡಿಯುವ ಕೈ ಒಂದೇ. ಏನನ್ನು ಹಿಡಿಯಿತು, ಎಷ್ಟನ್ನು ಹಿಡಿಯಿತು, ಯಾವಾಗ ಬಿಟ್ಟಿತು ಎಂಬುದರಿಂದ ಅದು ಮನೆಗೆ ಹಿಡಿದ ಗ್ರಹಣವಾಗಬಹುದು, ಮನೆಗೆ ದೊರೆತ ಅನುಗ್ರಹವೂ ಆಗಬಹುದು.

ಸಂಗ್ರಹವೇ ತಪ್ಪೆಂದು ನಾವು ಹೇಳುತ್ತಿಲ್ಲ. ನಮ್ಮ ಹಳ್ಳಿಗಳ ಹಗೇವುಗಳನ್ನು ನಿಮ್ಮಲ್ಲಿ ಹಿರಿಯರು ಕಂಡಿದ್ದೀರಿ. ನೆಲದೊಳಗೆ ಗುಳಿ ತೋಡಿ, ಹುಲ್ಲು ಹಾಸಿ, ರಾಗಿ ತುಂಬಿ, ಬಾಯಿ ಮುಚ್ಚಿ ಮಣ್ಣು ಬಳಿಯುತ್ತಿದ್ದರು. ರಾಗಿಯಂತೂ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ೧೮೭೬ರಿಂದ ೧೮೭೮ರವರೆಗೆ, ಧಾತು ಈಶ್ವರ ಸಂವತ್ಸರಗಳ ದೊಡ್ಡ ಬರ ಬಂದು ಮೈಸೂರು ಸಂಸ್ಥಾನದಲ್ಲಿ ಲಕ್ಷಾಂತರ ಜನ ಸತ್ತರು. ಬರವನ್ನು ಕಂಡ ಜನರ ಮಕ್ಕಳು ಮೊಮ್ಮಕ್ಕಳು ಒಂದು ಹಿಡಿ ಕಾಳನ್ನೂ ಒಂದು ತುಂಡು ಹಗ್ಗವನ್ನೂ ಎಸೆಯಲಾರದೆ ಇಟ್ಟುಕೊಂಡರೆ ಅದನ್ನು ಜಿಪುಣತನವೆನ್ನಲಾಗದು. ಅದು ಅನುಭವ ಕಲಿಸಿದ ಪಾಠ.

ಇನ್ನು ನಿಮ್ಮಲ್ಲಿಯೇ ಕೆಲವರು, ೧೯೮೪ರಲ್ಲಿ ಇಲ್ಲಿ ರೈಲ್ವೆಯ ಗಾಲಿ ಮತ್ತು ಅಚ್ಚಿನ ಕಾರ್ಖಾನೆ ಆರಂಭವಾದಾಗ ಕೆಲಸ ಸಿಕ್ಕಿ ಬಂದವರಿದ್ದೀರಿ. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ನಾಲ್ಕು ಪಾತ್ರೆ ಹಿಡಿದು ಬಂದವರು. ಒಂದೊಂದು ವಸ್ತುವನ್ನೂ ಸಂಬಳದಲ್ಲಿ ಉಳಿಸಿ ಕೊಂಡವರು. ಅವರಿಗೆ ಹಳೆಯ ಸ್ಟೀಲ್ ಬಿಂದಿಗೆಯೂ ಒಂದು ದೀಪಾವಳಿಯ ನೆನಪು. ಇಂಥವರ ಮನೆಗೆ ಹೋಗಿ, ಇದೆಲ್ಲ ಕಸ ಎಸೆಯಿರಿ ಎಂದು ಹೇಳುವವನು ಅವರ ಬಾಳನ್ನು ಅರಿಯದವನು.

ಹಾಗಾದರೆ ವ್ಯತ್ಯಾಸವೆಲ್ಲಿ? ಹಗೇವಿನ ರಾಗಿಗೆ ಒಂದು ದಿನ ಬಾಯಿ ತೆರೆಯುವುದಿತ್ತು. ಬರ ಬಂದಾಗ ತೆರೆಯಬೇಕು, ಉಂಡು ಉಣಿಸಬೇಕೆಂದೇ ಅದನ್ನು ಮುಚ್ಚಿದ್ದರು. ನಮ್ಮ ಅಟ್ಟಗಳಿಗೆ ಬಾಯಿ ತೆರೆಯುವ ದಿನವೇ ಇಲ್ಲ. ವರ್ಷಕ್ಕೊಮ್ಮೆ ಯುಗಾದಿಗೋ ದೀಪಾವಳಿಗೋ ಸುಣ್ಣ ಬಳಿಯುವಾಗ ಸಾಮಾನನ್ನು ಇಳಿಸುತ್ತೇವೆ, ಧೂಳು ಒರೆಸುತ್ತೇವೆ, ಮತ್ತೆ ಏರಿಸುತ್ತೇವೆ. ವಸ್ತು ನಮಗೆ ದುಡಿಯುವ ಬದಲು ನಾವು ವಸ್ತುವಿಗೆ ದುಡಿಯುತ್ತೇವೆ. ಆ ದುಡಿಮೆಯೂ ಹೆಚ್ಚಾಗಿ ಬೀಳುವುದು ತಾಯಂದಿರ ಬೆನ್ನ ಮೇಲೆ. ಗಂಡಸರು ಕೊಳ್ಳುತ್ತಾರೆ, ಹೆಂಗಸರು ಒರೆಸುತ್ತಾರೆ. ಕಾಯಕದಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲವೆಂದು ಸಾರಿದ ಶರಣರ ಮಕ್ಕಳಾದ ನಾವು ಇದನ್ನು ಯೋಚಿಸಬೇಕು.

ಈಗ ಕಲ್ಯಾಣಕ್ಕೆ ಹೋಗೋಣ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರ ಮಹಾಮನೆಯಲ್ಲಿ ನಿತ್ಯ ದಾಸೋಹ. ಅಲ್ಲಿ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದೇ ಮಾರಯ್ಯನವರ ಕಾಯಕ. ಆದ್ದರಿಂದ ಅವರು ಆಯ್ದಕ್ಕಿ ಮಾರಯ್ಯ. ಅವರ ಮಡದಿ ಲಕ್ಕಮ್ಮ. ಆಯ್ದು ತಂದ ಅಕ್ಕಿಯಿಂದಲೇ ಜಂಗಮರಿಗೆ ಉಣಿಸಿ ತಾವು ಉಣ್ಣುವ ದಂಪತಿಗಳು. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮ ಸಂತೋಷಪಡಲಿಲ್ಲ. ಇಷ್ಟೇಕೆ ತಂದಿರಿ, ನಮಗೆ ಬೇಕಾದದ್ದು ಇಷ್ಟಲ್ಲವಲ್ಲ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಹಿಂದಕ್ಕೆ ಕಳುಹಿಸಿದರು. ಈ ಕಥೆಯನ್ನು ನೀವು ನೂರು ಸಲ ಕೇಳಿದ್ದೀರಿ. ಲಕ್ಕಮ್ಮನವರ ನಿರಾಸೆಯನ್ನು, ಅಂದರೆ ಆಸೆಯಿಲ್ಲದ ಸ್ಥಿತಿಯನ್ನು ನಾವು ಹೊಗಳುತ್ತೇವೆ. ಆದರೆ ಒಂದು ಸಂಗತಿಯನ್ನು ಮರೆಯುತ್ತೇವೆ. ಲಕ್ಕಮ್ಮ ಆ ಅಕ್ಕಿಯನ್ನು ಒಳಗೆ ತೆಗೆದುಕೊಂಡು, ಮಡಕೆಗೆ ಸುರಿದು, ಆರು ತಿಂಗಳಾದ ಮೇಲೆ ಹುಳು ಬಿದ್ದಾಗ ಹೊರಗೆ ಹಾಕಲಿಲ್ಲ. ಹೊಸ್ತಿಲಲ್ಲಿಯೇ ತಡೆದರು. ಮನೆಯನ್ನು ಚೊಕ್ಕಟವಾಗಿಡುವ ವಿದ್ಯೆ ಅಟ್ಟದ ಮೇಲಿಲ್ಲ, ಹೊಸ್ತಿಲಲ್ಲಿದೆ.

ಯಶವಂತಪುರದ ಮಾರುಕಟ್ಟೆ ಪ್ರಾಂಗಣದಲ್ಲಿ ಬೆಳಗಿನ ಹೊತ್ತು ನಿಂತು ನೋಡಿರಿ. ಮೂಟೆ ಇಳಿಸುವಾಗ ಉದುರಿದ ಕಾಳನ್ನು ಗುಡಿಸಿ, ಮೊರದಲ್ಲಿ ಕೇರಿ, ಸೆರಗಿನಲ್ಲಿ ಕಟ್ಟಿಕೊಂಡು ಹೋಗುವ ತಾಯಂದಿರನ್ನು ನಾವು ಕಂಡಿದ್ದೇವೆ. ಅಂದಿನ ಅಡುಗೆಗೆ ಆಗುವಷ್ಟಾದರೆ ಅವರು ಎದ್ದು ಹೋಗುತ್ತಾರೆ. ಆಯ್ದಕ್ಕಿಯ ಕಾಯಕ ಪುರಾಣದಲ್ಲಿ ಮಾತ್ರ ಇರುವುದಲ್ಲ, ನಿಮ್ಮ ಪಕ್ಕದ ಬಡಾವಣೆಯಲ್ಲಿ ಇಂದಿಗೂ ನಡೆಯುತ್ತಿದೆ. ಅದೇ ಊರಿನಲ್ಲಿ, ಅದೇ ಹೊತ್ತಿನಲ್ಲಿ, ನಮ್ಮ ಅಡುಗೆಮನೆಗಳ ಡಬ್ಬಗಳಲ್ಲಿ ಕಾಳಿಗೆ ಹುಳು ಬೀಳುತ್ತಿರುತ್ತದೆ.

ಇಷ್ಟು ಹೇಳಿ, ಸ್ವಾಮಿಗಳು ನಮಗೆ ಬುದ್ಧಿ ಹೇಳಿದರು ಎಂದು ನೀವು ಮನೆಗೆ ಹೋಗಬಾರದು. ನಮ್ಮ ತಪ್ಪನ್ನೂ ನಿಮ್ಮ ಮುಂದೆ ಒಪ್ಪಿಸುತ್ತೇವೆ. ಮಠಕ್ಕೆ ಬರುವ ಭಕ್ತರು ಭಕ್ತಿಯಿಂದ ಶಾಲು ಹೊದಿಸುತ್ತಾರೆ. ಒಂದು ಸಭೆಗೆ ಹೋದರೆ ಹತ್ತು ಶಾಲು. ಅವೆಲ್ಲ ಮಠದ ಉಗ್ರಾಣಕ್ಕೆ ಹೋಗುತ್ತಿದ್ದವು. ಭಕ್ತರ ಕಾಣಿಕೆ, ಎಲ್ಲೆಂದರಲ್ಲಿ ಕೊಡಬಾರದು, ಭದ್ರವಾಗಿಡಬೇಕು ಎಂದು ನಾವೇ ಅಪ್ಪಣೆ ಮಾಡಿದ್ದೆವು. ಬಹಳ ವರ್ಷಗಳ ಹಿಂದೆ ಒಂದು ಜಾತ್ರೆಯ ಕಾಲ. ಮೈ ಕೊರೆಯುವ ಚಳಿ. ಬೆಳಗಿನ ಜಾವ ಎದ್ದು ಪ್ರಾಕಾರದಲ್ಲಿ ನಡೆಯುವಾಗ, ದೂರದ ಹಳ್ಳಿಯಿಂದ ನಡೆದು ಬಂದ ಒಬ್ಬ ತಾಯಿ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಕಲ್ಲುಹಾಸಿನ ಮೇಲೆ ಮುದುಡಿ ಮಲಗಿದ್ದಳು. ಕೂಡಲೇ ಉಗ್ರಾಣ ತೆಗೆಸಿದೆವು. ಮೇಲಿನ ಕೆಲವು ಶಾಲುಗಳನ್ನು ತೆಗೆದರೆ, ಕೆಳಗಿನ ಕಟ್ಟುಗಳೆಲ್ಲ ನುಸಿ ಹಿಡಿದು ಜರಡಿಯಾಗಿದ್ದವು. ಹಿಡಿದರೆ ಕೈಯಲ್ಲಿ ಪುಡಿಯಾಗುತ್ತಿದ್ದವು. ನೂರಾರು ಜನರ ಬೆನ್ನಿಗೆ ಬೆಚ್ಚಗಾಗಬೇಕಿದ್ದ ಬಟ್ಟೆಯನ್ನು ನಾವು ಬೀಗ ಹಾಕಿ ನುಸಿಗೆ ಉಣಿಸಿದ್ದೆವು.

ಆ ದಿನ ಪೂಜೆಗೆ ಕುಳಿತಾಗ ಮನಸ್ಸು ನಿಲ್ಲಲಿಲ್ಲ. ನಮ್ಮ ಹಿರಿಯ ಗುರುಗಳ ಕೋಣೆ ಕಣ್ಣ ಮುಂದೆ ಬಂತು. ಎರಡು ಜೊತೆ ಕಾವಿ, ಒಂದು ಕಂಬಳಿ, ಒಂದು ಮಣೆ, ಕೆಲವು ಓಲೆಗರಿಯ ಕಟ್ಟುಗಳು. ಅಷ್ಟೆ. ಅವರು ಲಿಂಗೈಕ್ಯರಾದಾಗ ಆ ಕೋಣೆಯನ್ನು ತೆರವು ಮಾಡಲು ಅರ್ಧ ಗಳಿಗೆ ಸಾಕಾಯಿತು. ನಾವು ಹೋದ ದಿನ ನಮ್ಮ ಕೋಣೆಯನ್ನು ತೆರವು ಮಾಡಲು ಎಷ್ಟು ದಿನ ಬೇಕು ಎಂದು ಕೇಳಿಕೊಂಡೆವು. ನೀವೂ ಈ ರಾತ್ರಿ ಕೇಳಿಕೊಳ್ಳಿರಿ. ಅಂದಿನಿಂದ ಮಠಕ್ಕೆ ಬಂದ ಶಾಲು ಹುಣ್ಣಿಮೆಯಿಂದ ಹುಣ್ಣಿಮೆಗೆ ಉಳಿಯುವುದಿಲ್ಲ.

ನಮ್ಮ ಧರ್ಮದಲ್ಲಿ ಒಂದು ಸೂಕ್ಷ್ಮವಿದೆ. ಕೈಗೆ ಬಂದದ್ದು ಪದಾರ್ಥ. ಅದು ಲಿಂಗಕ್ಕೆ ಅರ್ಪಿತವಾಗಿ ಹಿಂದಿರುಗಿದಾಗ ಪ್ರಸಾದ. ಪ್ರಸಾದವನ್ನು ಬೀಗ ಹಾಕಿ ಇಡುವವರುಂಟೇ? ಹಂಚಿದರೆ ಅದು ಪ್ರಸಾದ. ಬೀರುವಿನಲ್ಲಿ ಹತ್ತು ವರ್ಷ ಮಡಿಸಿಟ್ಟ ಸೀರೆ, ಅಟ್ಟದ ಮೇಲೆ ಮಗುಚಿಟ್ಟ ಹಂಡೆ, ಇವು ಎಂದೂ ಪ್ರಸಾದವಾಗದೆ ಉಳಿದ ಪದಾರ್ಥಗಳು. ಅವು ನಿಮ್ಮ ಮನೆಯಲ್ಲಿ ಇನ್ನೂ ಕಾಯುತ್ತಿವೆ.

ಹಾಗೆಂದ ಮಾತ್ರಕ್ಕೆ ನಾಳೆಯೇ ಎಲ್ಲವನ್ನೂ ಹೊರಗೆ ಎತ್ತಿ ಹಾಕಿ, ದಾನ ಮಾಡಿದೆವು ಎನ್ನಬೇಡಿರಿ. ಇಲ್ಲಿ ಕಠೋಪನಿಷತ್ತಿನ ನಚಿಕೇತನನ್ನು ನೆನೆಯಬೇಕು. ಅವನ ತಂದೆ ಸರ್ವಸ್ವವನ್ನೂ ದಾನ ಮಾಡುವ ಯಜ್ಞ ಹೂಡಿದ. ದಾನಕ್ಕೆ ಹಸುಗಳನ್ನು ತಂದು ನಿಲ್ಲಿಸಿದ. ಎಂಥ ಹಸುಗಳು? ಇನ್ನು ನೀರು ಕುಡಿಯಲಾರದ, ಹುಲ್ಲು ಮೇಯಲಾರದ, ಹಾಲು ಕೊಡಲಾರದ ಮುದಿ ಹಸುಗಳು. ಎಳೆಯ ನಚಿಕೇತನಿಗೆ ಅದನ್ನು ಕಂಡು ಸಂಕಟವಾಯಿತು. ಇಂಥ ದಾನ ತಂದೆಯನ್ನು ಎಲ್ಲಿಗೆ ಕೊಂಡೊಯ್ಯುತ್ತದೆಂದು ಹೆದರಿದ. ಅಪ್ಪಾ, ನನ್ನನ್ನು ಯಾರಿಗೆ ಕೊಡುವೆ ಎಂದು ಮತ್ತೆ ಮತ್ತೆ ಕೇಳಿದ. ಇಡೀ ಉಪನಿಷತ್ತು ಶುರುವಾದದ್ದು ತಂದೆ ಬೇಡದ ಸಾಮಾನನ್ನು ದಾನವೆಂದು ಸಾಗಹಾಕುವುದನ್ನು ಮಗ ಕಂಡುಹಿಡಿದದ್ದರಿಂದ! ನಿಮ್ಮ ಮಕ್ಕಳೂ ನೋಡುತ್ತಿರುತ್ತಾರೆ. ಗುಂಡಿಯಿಲ್ಲದ ಅಂಗಿ, ಹರಿದ ಸ್ವೆಟರು, ಅರ್ಧ ಪುಟ ಕಿತ್ತ ಪುಸ್ತಕವನ್ನು ಚೀಲಕ್ಕೆ ತುಂಬಿ ಅನಾಥಾಲಯದ ಬಾಗಿಲಲ್ಲಿ ಇಟ್ಟು ಬಂದರೆ ಅದು ದಾನವಲ್ಲ. ನಮ್ಮ ಕಸವನ್ನು ಆರಿಸುವ ಕೆಲಸವನ್ನು ಬಡವರಿಗೆ ಹೊರಿಸಿದಂತೆ.

ಇನ್ನೊಂದು ಸಂಗತಿ. ಈ ಊರಿನ ಯಾವ ಅಶ್ವತ್ಥಕಟ್ಟೆಯನ್ನು ನೋಡಿದರೂ ಅದರ ಬುಡದಲ್ಲಿ ದೇವರ ಪಟಗಳ ರಾಶಿ. ಗಾಜು ಒಡೆದು, ಮಳೆಯಲ್ಲಿ ನೆನೆದು, ಬಣ್ಣ ಇಳಿದ ದೇವರುಗಳು. ಮನೆಯಲ್ಲಿ ಇಡಲಾರದೆ, ಎಸೆಯಲು ಹೆದರಿ, ಮರದ ಕೆಳಗೆ ಇಟ್ಟು ಕೈ ಮುಗಿದು ಬರುತ್ತಾರೆ. ಅಂಗೈಯಲ್ಲಿ ಇಷ್ಟಲಿಂಗವನ್ನು ಕೊಟ್ಟು, ಒಡಲನ್ನೇ ದೇವರ ಮನೆಯೆಂದು ಕಾಣಲು ಕಲಿಸಿದ ಗುರು ಬಸವಣ್ಣನವರ ಮಕ್ಕಳಿಗೆ ಇಷ್ಟು ಪಟಗಳು ಬಂದದ್ದಾದರೂ ಎಲ್ಲಿಂದ? ಒಂದು ಕರಡಿಗೆ, ಒಂದು ಶಿವದಾರ, ಒಂದು ವಿಭೂತಿ ಗಟ್ಟಿ, ಒಂದು ರುದ್ರಾಕ್ಷಿ. ನಮ್ಮ ಪೂಜೆಯ ಸಾಮಗ್ರಿ ಒಂದು ಕೈಚೀಲಕ್ಕೆ ಸಾಕು. ಹಳೆಯ ಪಟಗಳಿದ್ದರೆ ಗಾಜನ್ನೂ ಚೌಕಟ್ಟನ್ನೂ ನೀವೇ ಬಿಡಿಸಿರಿ. ಗಾಜನ್ನು ಕೈ ಕುಯ್ಯದಂತೆ ಕಾಗದದಲ್ಲಿ ಸುತ್ತಿ ಬೇರೆಯಾಗಿ ಕೊಡಿರಿ. ಕಾಗದವನ್ನು ಗಿಡದ ಬುಡದಲ್ಲಿ ಮಣ್ಣಿಗೆ ಸೇರಿಸಿರಿ. ಅದರಲ್ಲಿ ಪಾಪವಿಲ್ಲ.

ಬಿಸಾಡಿದ್ದು ಎಲ್ಲಿಗೆ ಹೋಗುತ್ತದೆ? ನಾವು ಗೇಟಿನ ಹೊರಗೆ ಇಟ್ಟೆವು, ಬೆಳಿಗ್ಗೆ ಗಾಡಿ ಬಂದು ಒಯ್ದಿತು, ಮನೆ ಚೊಕ್ಕಟವಾಯಿತು ಎನ್ನುತ್ತೇವೆ. ಯಲಹಂಕದಿಂದ ಹೆಸರಘಟ್ಟದ ಕಡೆಗೆ ಮಾವಳ್ಳಿಪುರ ಎಂಬ ಹಳ್ಳಿಯುಂಟು. ಬೆಂಗಳೂರಿನ ಮನೆಗಳ ಕಸವನ್ನು ವರ್ಷಗಟ್ಟಲೆ ಅಲ್ಲಿಗೆ ಒಯ್ದು ಸುರಿದರು. ಗುಡ್ಡವಾಯಿತು. ಅದರಿಂದ ಇಳಿದ ಕಪ್ಪುನೀರು ಸುತ್ತಲಿನ ನೀರನ್ನು ಕೆಡಿಸಿತು. ನೊಣ, ನಾತ, ರೋಗದ ಭಯದಲ್ಲಿ ಬದುಕಿದ ಆ ಜನ ತಿರುಗಿಬಿದ್ದರು. ೨೦೧೨ರಲ್ಲಿ ಅಲ್ಲಿ ಕಸ ಸುರಿಯುವುದು ನಿಂತಿತು. ಆಗ ಬೆಂಗಳೂರಿನ ಬೀದಿಬೀದಿಗಳಲ್ಲಿ ಕಸದ ರಾಶಿ ಬಿದ್ದದ್ದು ನಿಮಗೆ ನೆನಪಿರಬೇಕು. ಅದೇ ವರ್ಷ ಅಕ್ಟೋಬರಿನಿಂದ ಮನೆಯಲ್ಲೇ ಕಸ ಬೇರ್ಪಡಿಸಬೇಕೆಂಬ ನಿಯಮ ಬಂತು. ಪೂರ್ವದಲ್ಲಿ ಮಂಡೂರಿನ ಜನರೂ ಹೋರಾಡಿ ೨೦೧೪ರ ಕೊನೆಗೆ ಕಸದ ಲಾರಿಗಳನ್ನು ನಿಲ್ಲಿಸಿದರು. ೨೦೧೫ರ ಡಿಸೆಂಬರಿನಲ್ಲಿ ಉಚ್ಚ ನ್ಯಾಯಾಲಯ ಎರಡು ಬುಟ್ಟಿ, ಒಂದು ಚೀಲದ ಪದ್ಧತಿಯನ್ನು ಮನೆಮನೆಗೂ ವಿಧಿಸಿತು. ಹಸಿರು ಬುಟ್ಟಿಗೆ ಹಸಿ ಕಸ, ಕೆಂಪು ಬುಟ್ಟಿಗೆ ಅಪಾಯದ ಕಸ, ಚೀಲಕ್ಕೆ ಒಣ ಕಸ. ಆದರೂ ಕಸ ಕರಗಿತೇ? ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಗಳ ಕಡೆಯ ಹಳೆಯ ಕಲ್ಲುಕ್ವಾರಿಗಳಿಗೆ ಹೋಯಿತು. ಅವೂ ಇದೇ ಉತ್ತರ ದಿಕ್ಕಿನ ಹಳ್ಳಿಗಳೇ. ಅಲ್ಲಿಯೂ ಬಾವಿಗಳಿವೆ, ಬಾಣಂತಿಯರಿದ್ದಾರೆ, ಶಿವಭಕ್ತರಿದ್ದಾರೆ.

ಅಂಗಳ ಗುಡಿಸುವುದನ್ನೇ ಕಾಯಕ ಮಾಡಿಕೊಂಡಿದ್ದ ಶರಣೆ ಸತ್ಯಕ್ಕನವರು ಬೀದಿಯಲ್ಲಿ ಬಿದ್ದ ಪರರ ವಸ್ತುವಿಗೆ ಕೈ ಹಾಕೆನೆಂಬ ವ್ರತ ಹಿಡಿದವರು. ನಮ್ಮ ಕಾಲಕ್ಕೆ ಅದರ ಜೊತೆಗೆ ಇನ್ನೊಂದು ವ್ರತ ಬೇಕಾಗಿದೆ: ನನ್ನ ವಸ್ತುವನ್ನು ಪರರ ಬೀದಿಗೆ ಹಾಕೆನೆಂಬ ವ್ರತ. ನಿಮ್ಮ ಮನೆಯಿಂದ ವಸ್ತು ಹೊರಗೆ ಹೋದಾಗ ಮನೆ ಶುದ್ಧವಾಗುವುದಿಲ್ಲ. ಆ ವಸ್ತು ಸೇರಬೇಕಾದ ಕೈಯನ್ನು ಸೇರಿದಾಗ ಮನೆ ಶುದ್ಧವಾಗುತ್ತದೆ. ಇಂದಿನ ಮಾತಿನಲ್ಲಿ ಮಿಕ್ಕದ್ದೆಲ್ಲ ಮರೆತರೂ ಇದೊಂದನ್ನು ಮರೆಯಬೇಡಿರಿ.

ಇನ್ನು ಮಾಡುವ ಬಗೆ ಹೇಗೆ? ಕೆಲವು ಮಾತು ಹೇಳುತ್ತೇವೆ.

ಮೊದಲನೆಯದು, ಅಟ್ಟದಿಂದ ಆರಂಭಿಸಬೇಡಿರಿ. ಪೂಜೆಯ ಸ್ಥಳದಿಂದ ಆರಂಭಿಸಿರಿ. ಒಂದು ಮಣೆ ಹಾಕುವಷ್ಟು ಜಾಗ, ಕುಳಿತವರ ಮೊಣಕಾಲಿಗೆ ಏನೂ ತಗುಲದಷ್ಟು ಜಾಗ ತೆರವಾಗಲಿ. ಆ ಶಾಂತಿಯನ್ನು ಒಮ್ಮೆ ಕಂಡರೆ ಮಿಕ್ಕ ಕೋಣೆಗಳನ್ನು ಮನಸ್ಸೇ ಎಳೆದುಕೊಂಡು ಹೋಗುತ್ತದೆ. ದಿನಕ್ಕೆ ಒಂದು ಗಂಟೆ, ಒಂದು ಕಪಾಟು. ಒಂದೇ ದಿನ ಎಲ್ಲವನ್ನೂ ಹರಡಿಕೊಂಡು ಕುಳಿತರೆ ರಾತ್ರಿ ಮಲಗಲು ಜಾಗವಿರದು, ಗಂಡಹೆಂಡಿರ ಜಗಳಕ್ಕೆ ಮಾತ್ರ ಜಾಗವಿರುತ್ತದೆ.

ಎರಡನೆಯದು, ನಿಮ್ಮ ನಿಮ್ಮ ವಸ್ತುವಿಗೆ ಮೊದಲು ಕೈ ಹಾಕಿರಿ. ಅತ್ತೆಯ ಟ್ರಂಕನ್ನು ಸೊಸೆಯಾಗಲಿ, ಸೊಸೆಯ ಬೀರುವನ್ನು ಅತ್ತೆಯಾಗಲಿ ಮೊದಲು ತೆರೆಯಬಾರದು. ಹಿರಿಯರ ಒಂದು ಹಳೆಯ ಕಾಗದವನ್ನೂ ಅವರನ್ನು ಕೇಳದೆ ಎಸೆಯಬಾರದು.

ಮೂರನೆಯದು, ಮೂರೇ ರಾಶಿ ಇರಲಿ. ಇಟ್ಟುಕೊಳ್ಳುವುದು, ಕೊಡುವುದು, ಕಳುಹಿಸುವುದು. 'ನೋಡೋಣ' ಎಂಬ ನಾಲ್ಕನೆಯ ರಾಶಿಯನ್ನು ಮಾಡಿದಿರೋ, ಎಲ್ಲವೂ ಅಲ್ಲಿಗೇ ಹೋಗಿ ಸೇರುತ್ತದೆ. ಕಾಗದ, ಕಬ್ಬಿಣ, ಪ್ಲಾಸ್ಟಿಕ್ಕನ್ನು ಗುಜರಿಯವರಿಗೆ ಕೊಡಿರಿ. ಅದು ಅವರ ಕಾಯಕ, ಎರಡು ರೂಪಾಯಿಗೆ ಅವರೊಡನೆ ಚೌಕಾಸಿ ಮಾಡಬೇಡಿರಿ. ಕೆಟ್ಟ ಟಿ.ವಿ., ಮೊಬೈಲು, ಬ್ಯಾಟರಿ, ಟ್ಯೂಬ್‌ಲೈಟುಗಳಲ್ಲಿ ವಿಷವುಂಟು. ಅವನ್ನು ಬೇರೆಯಾಗಿಟ್ಟು, ಅದಕ್ಕೆಂದೇ ಪರವಾನಗಿ ಪಡೆದವರಿಗೆ ಒಪ್ಪಿಸಿರಿ. ಅವಧಿ ಮೀರಿದ ಔಷಧಿಯನ್ನು ಯಾರಿಗೂ ದಾನ ಮಾಡಬೇಡಿರಿ.

ನಾಲ್ಕನೆಯದು, ಕೊಡುವುದನ್ನು ಒಗೆದು, ಹೊಲಿದು, ಮಡಿಸಿ ಕೊಡಿರಿ. ಯಾರಿಗೆ ಬೇಕೆಂದು ಕೇಳಿ ಕೊಡಿರಿ. ಕೊಟ್ಟ ಕೈಯನ್ನು ಅವರು ನೆನೆಯಬೇಕೆಂದು ಬಯಸಬೇಡಿರಿ. ತುಮಕೂರಿನ ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು ೨೦೧೯ರಲ್ಲಿ ತಮ್ಮ ೧೧೧ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಟ್ಟ ಆ ಮಹಾದಾಸೋಹಕ್ಕೆ ಹಳ್ಳಿಹಳ್ಳಿಯ ಮನೆಗಳಿಂದ ಬಂದ ಹಿಡಿ ಹಿಡಿ ಧಾನ್ಯವೇ ಆಸರೆಯಾಗಿತ್ತು. ಜನ ಹುಳು ಬಿದ್ದದ್ದನ್ನು ಕೊಡಲಿಲ್ಲ. ಬೆಳೆದದ್ದರಲ್ಲಿ ಮೊದಲ ಪಾಲನ್ನು ಕೊಟ್ಟರು.

ಐದನೆಯದು ಲಕ್ಕಮ್ಮನವರ ಹೊಸ್ತಿಲು. ಇದೇ ಮುಖ್ಯ. ಈಗಂತೂ ಅಂಗಡಿಗೆ ಹೋಗುವ ಶ್ರಮವೂ ಇಲ್ಲ. ಬೆರಳು ಒತ್ತಿದರೆ ಪೆಟ್ಟಿಗೆ ಬಾಗಿಲಿಗೆ ಬರುತ್ತದೆ. ಒತ್ತುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿರಿ. ಇದು ಎಲ್ಲಿ ಕೂಡುತ್ತದೆ? ಇದನ್ನು ಯಾರು ಒರೆಸುತ್ತಾರೆ? ನನ್ನ ನಂತರ ಇದು ಯಾರ ಕೈ ಸೇರುತ್ತದೆ? ಉತ್ತರ ಹೊಳೆಯದಿದ್ದರೆ ಬೆರಳನ್ನು ಹಿಂತೆಗೆಯಿರಿ. ತಾಯಂದಿರಿಗೆ ಒಂದು ಮಾತು. ಅರಿಸಿನ ಕುಂಕುಮದ ಜೊತೆ ಕೊಡುವ ರವಿಕೆ ಕಣ ಎಷ್ಟು ಮನೆ ಸುತ್ತುತ್ತದೆಂದು ನಿಮಗೇ ಗೊತ್ತು. ಕೊಟ್ಟವರೂ ಹೊಲಿಸಲಿಲ್ಲ, ಪಡೆದವರೂ ಹೊಲಿಸಲಿಲ್ಲ. ಆ ಕಣಕ್ಕೆ ಜನ್ಮಾಂತರಗಳಿವೆಯೇ ಹೊರತು ಮುಕ್ತಿಯಿಲ್ಲ. ಅದರ ಬದಲು ಎರಡು ಬಾಳೆಹಣ್ಣು ಕೊಡಿರಿ. ಮಗು ತಿಂದು ನಲಿಯುತ್ತದೆ.

ಯೋಗಶಾಸ್ತ್ರದಲ್ಲಿ ಪತಂಜಲಿ ಮಹರ್ಷಿಗಳು ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯಗಳ ನಂತರ ಅಪರಿಗ್ರಹವನ್ನು ಹೇಳುತ್ತಾರೆ. ಅದರಲ್ಲಿ ನೆಲೆನಿಂತವನಿಗೆ ತನ್ನ ಜನ್ಮ ಹೇಗೆ, ಏಕೆ ಎಂಬ ತಿಳಿವು ಉಂಟಾಗುತ್ತದೆಂದು ಅದರ ಫಲವನ್ನು ಹೇಳಿದ್ದಾರೆ. ಎಳೆಯ ವಯಸ್ಸಿನಲ್ಲಿ ಓದುವಾಗ, ಸಾಮಾನು ಬಿಡುವುದಕ್ಕೂ ಜನ್ಮದ ತಿಳಿವಿಗೂ ಏನು ಸಂಬಂಧವೆಂದು ನಮಗೆ ತಿಳಿದಿರಲಿಲ್ಲ. ಈಗ ಕೊಂಚ ತಿಳಿಯುತ್ತದೆ. ಕೋಣೆ ತುಂಬಿರುವಾಗ ಮನುಷ್ಯ ತನ್ನ ವಸ್ತು ಎಲ್ಲಿದೆ ಎಂದು ಹುಡುಕುತ್ತಿರುತ್ತಾನೆ. ತೆರವಾದಾಗ ತಾನು ಎಲ್ಲಿದ್ದೇನೆಂದು ಹುಡುಕತೊಡಗುತ್ತಾನೆ.

ಕೊನೆಗೆ ಆ ಅಜ್ಜಿಯ ಮನೆಗೇ ಮರಳೋಣ. ಅಂದು ಆ ಯಜಮಾನರಿಗೆ ನಾವು ಹೆಚ್ಚೇನೂ ಹೇಳಲಿಲ್ಲ. "ಮುಂದಿನ ಶ್ರಾವಣಕ್ಕೆ ಬರುತ್ತೇವೆ. ಅಜ್ಜಿಯ ಪೂಜೆಯ ಕೋಣೆಯಲ್ಲೇ ಕುಳಿತುಕೊಳ್ಳುತ್ತೇವೆ" ಎಂದಷ್ಟೇ ಹೇಳಿ ಬಂದೆವು. ಈ ವರ್ಷ ಹೋದೆವು. ಕೋಣೆ ಬೆಳಕಾಗಿತ್ತು. ಪೂರ್ವದ ಕಿಟಕಿ ತೆರೆದಿತ್ತು. ಅಲ್ಲೊಂದು ಕಿಟಕಿ ಇರುವುದೇ ಹಿಂದಿನ ಸಲ ನಮಗೆ ಕಂಡಿರಲಿಲ್ಲ. ಮನೆಯವರೆಲ್ಲ ಸೇರಿ ಹನ್ನೊಂದು ಸಂಜೆ ಕೆಲಸ ಮಾಡಿದರಂತೆ. ಮಕ್ಕಳ ಸೈಕಲ್ಲನ್ನು ರಿಪೇರಿ ಮಾಡಿಸಿ ಕೆಲಸದಾಕೆಯ ಮಗನಿಗೆ ಕೊಟ್ಟರು. ಹಳೆಯ ಮಂಚವನ್ನು ಯಾರೂ ಒಯ್ಯಲಿಲ್ಲ. ಹುಡುಕಿ ಹುಡುಕಿ, ಎದುರಿನ ಕಟ್ಟಡ ಕಾಯುವ ಕುಟುಂಬಕ್ಕೆ ಬೇಕೆಂದು ತಿಳಿದು ತಾವೇ ಹೊತ್ತು ಕೊಟ್ಟು ಬಂದರು.

ಗೂಡಿನಲ್ಲಿ ಒಂದೇ ಒಂದು ವಸ್ತು ಉಳಿದಿತ್ತು. ಮೂರು ಡಬ್ಬಿಯ ಊಟದ ಕ್ಯಾರಿಯರು, ಅಲ್ಲಲ್ಲಿ ನೆಗ್ಗಿದ್ದು. ಅಜ್ಜಿಯ ಯಜಮಾನರು ಮೂವತ್ತು ವರ್ಷ ಕಾರ್ಖಾನೆಗೆ ಒಯ್ಯುತ್ತಿದ್ದದ್ದು. ಮಗ ನಮ್ಮನ್ನು ನೋಡಿ, "ಇದೊಂದನ್ನು ಅವ್ವ ಬಿಡ್ತಾ ಇಲ್ಲ. ತಾವಾದರೂ ಹೇಳಿ ಬುದ್ಧಿ" ಎಂದರು. ಅಜ್ಜಿ ನಮ್ಮ ಮುಖ ನೋಡಿದರು, ಏನೂ ಹೇಳಲಿಲ್ಲ. ನಾವು ಕ್ಯಾರಿಯರನ್ನು ಕೈಗೆ ತೆಗೆದುಕೊಂಡು ನೋಡಿದೆವು. ಒಳಗೆ ತಿಕ್ಕಿ ತಿಕ್ಕಿ ಕನ್ನಡಿಯಂತೆ ಹೊಳೆಯುತ್ತಿತ್ತು. "ಇರಲಿಬಿಡಪ್ಪಾ. ಇದು ಸಾಮಾನಲ್ಲ" ಎಂದು ಗೂಡಿನಲ್ಲಿ ಅದರ ಜಾಗದಲ್ಲೇ ಇಟ್ಟೆವು.

ಬಿಡುವುದೆಂದರೆ ಎಲ್ಲವನ್ನೂ ಬಿಡುವುದಲ್ಲ. ಯಾವುದು ಉಳಿಯಬೇಕು ಎಂಬುದು ಕಾಣುವಂತೆ ಮಿಕ್ಕದ್ದನ್ನು ಬಿಡುವುದು. ಅಷ್ಟೆಲ್ಲ ಸಾಮಾನಿನ ನಡುವೆ ಆ ಕ್ಯಾರಿಯರು ಎಲ್ಲಿತ್ತೆಂದು ಅಜ್ಜಿಗೇ ಗೊತ್ತಿರಲಿಲ್ಲವಂತೆ. ಎಂಟನೆಯ ದಿನ, ಒಂದು ರಟ್ಟಿನ ಪೆಟ್ಟಿಗೆಯ ಅಡಿಯಲ್ಲಿ, ಗೋಡೆ ಗಡಿಯಾರಗಳ ಕೆಳಗೆ ಸಿಕ್ಕಿತಂತೆ.

ನಿಮ್ಮ ಗೃಹಗಳಲ್ಲಿ ಸಂಗ್ರಹ ಹದವಾಗಿರಲಿ. ಪದಾರ್ಥವೆಲ್ಲ ಪ್ರಸಾದವಾಗಲಿ. ಹಿರಿಯರಿಗೆ ಕಿಟಕಿಯ ಪಕ್ಕದಲ್ಲಿ ಒಂದು ಮಣೆಯ ಜಾಗ ಇರಲಿ. ಗುರು ಬಸವಣ್ಣನವರ ಅನುಗ್ರಹ ನಿಮ್ಮೆಲ್ಲರ ಮೇಲಿರಲಿ ಎಂದು ಹಾರೈಸಿ ಇಂದಿನ ಮಾತಿಗೆ ಮಂಗಳ ಹಾಡುತ್ತೇವೆ.

ಸರ್ವರಿಗೂ ಸನ್ಮಂಗಳವಾಗಲಿ. ಶರಣು ಶರಣಾರ್ಥಿ.